ಟೀವಿಯಲ್ಲಿ ನನ್ನ ಕೈ

೯ ಫೆಬ್ರುವರಿ, ಭಾನುವಾರ

ನಮ್ಮ ಬೇಕರಿಯ ರಿಯಾಲಿಟಿ ಶೋ ಇವತ್ತು ಟೀವಿಯಲ್ಲಿ ಶುರುವಾಯಿತು. ಖಾರಾ ಬಿಸ್ಕೀಟಿನ ಹಿಟ್ಟು ನಾದುವ ಕೈಗಳು ನನ್ನವು, ಮಣಿಕಟ್ಟಿನ ಸುಟ್ಟ ಕಲೆ ಸಮೇತ. ನಗುವ ಮುಖ ಮಾತ್ರ ಮೈದುನನ ಹೆಂಡತಿ ಸುಧಾರಾಣಿಯದು! ಮದುವೆಯಾಗಿ ಬಂದು ವರ್ಷ ತುಂಬಿಲ್ಲ, ಒಂದು ದಿನವೂ ಹಿಟ್ಟು ಮುಟ್ಟಿದವಳಲ್ಲ. ಅಣ್ಣಿಗೇರಿ ಊರೆಲ್ಲ ಫೋನು ಮಾಡಿ ಅವಳನ್ನೇ ಹೊಗಳಿತು. ಅತ್ತೆಯಂತೂ, "ಅಗದಿ ಚಂದ ಕಾಣ್ತಾಳ ನೋಡವಾ" ಎಂದು ನನಗೇ ಹೇಳಿದರು. ಹೊಟ್ಟೆ ಉರಿಯಿತು. ಇನ್ನೂ ಉರಿಯುತ್ತಿದೆ.

ಊಟವಾದ ಮೇಲೆ ಅವಳೇ ಕಾಡಿಗೆ ಡಬ್ಬಿ ಹಿಡಿದು ಬಂದಳು.

"ಅಕ್ಕಾ, ಸ್ವಲ್ಪ ಕೈ ತೋರಸ್ರಿ. ನಾಳೆ ಶೂಟಿಂಗಿಗೆ ನನ್ನ ಕೈಗೂ ಇಂಥಾದ ಗುರ್ತು ಇರಬೇಕಂತ್ರಿ."

ಕೈ ಚಾಚಿದೆ. ಹದಿನಾರು ವರ್ಷದ ಹಿಂದೆ ಭಟ್ಟಿಯ ತಗಡು ಸುಟ್ಟ ಕಲೆಯನ್ನು ಅವಳು ಎರಡೇ ನಿಮಿಷದಲ್ಲಿ ಬರೆದುಕೊಂಡಳು.

ಹಾಳಾದ್ದು, ಅವಳ ಕೈಗೆ ಅದೂ ಒಪ್ಪುತ್ತದೆ.