ಏಡಿಯ ಪೂರ್ತಿ ಹೆಸರು

ಸಾನ್ ತೊಮೆ, ಗಲೀಸಿಯಾ
೧೭ ಜೂನ್ ೧೯೯೪

ಪ್ರೀತಿಯ ಸಬೇಲಾ,

ಹೇಗಿದ್ದೀಯಾ? ಬ್ಯೂನಸ್ ಐರಿಸ್‌ನಲ್ಲಿ ಈಗ ಚಳಿಗಾಲ, ವರ್ಷಾ ವರ್ಷ ಎದೆಗೆ ಅಂಟಿಕೊಳ್ಳುವ ನಿನ್ನ ಕೆಮ್ಮು ಶುರುವಾಗಿದೆಯೋ ಏನೋ. ನನಗೆ ಮಂಡಿ ನೋವೊಂದು ಬಿಟ್ಟರೆ ಉಳಿದದ್ದೆಲ್ಲ ಗಟ್ಟಿ. ಐದು ವರ್ಷ ಮಾತು ಬಿಟ್ಟವಳು ಈಗ ಕೆಮ್ಮು ವಿಚಾರಿಸುತ್ತಾಳಲ್ಲ ಅಂತ ಮೂಗು ಮುರಿಯಬೇಡ. ನಿನ್ನ ಮಗಳು ಉಶಿಯಾ ಬಂದು ಮುಟ್ಟಿದ್ದಾಳೆ. ಮಧ್ಯಾಹ್ನದ ಊಟ ಮುಗಿಸಿ ನಿನ್ನ ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದಾಳೆ. ಗೊರಕೆ ಥೇಟ್ ನಿನ್ನ ಅಪ್ಪನದೇ.

ಬುಧವಾರ ದೋಣಿ ನಿಲ್ಲುವ ಧಕ್ಕೆಯ ಮೇಲೆ ಒಬ್ದೂಲಿಯಾ ಮತ್ತು ಇನ್ನೂ ಆರು ಹೆಂಗಸರ ಜೊತೆ ಹರಿದ ಬಲೆ ಹೆಣೆಯುತ್ತ ಕೂತಿದ್ದೆ. ಪಿಂಚಣಿ ಬರುವವರು ಕೆಲಸ ಮಾಡಬಾರದು ಅನ್ನುವ ಕಾನೂನು ನಿನಗೆ ಗೊತ್ತು, ನನ್ನ ಕೈ ಸುಮ್ಮನಿರುವುದಿಲ್ಲ ಅನ್ನುವುದೂ ಗೊತ್ತು. ಬಸ್ಸಿಳಿದು ಒಬ್ಬ ಹುಡುಗಿ ಚೀಟಿ ಹಿಡಿದು ಬಂದಳು. "ಇಲ್ಲಿ ಹೆರ್ಮಿನಿಯಾ ಲಾದೊ ಪಾಸೋಸ್ ಅಂದ್ರೆ ಯಾರು?" ಅಂದಳು. ನಮ್ಮಜ್ಜನ ಕಾಲದಿಂದ ನಾವು ಏಡಿ ಮನೆಯವರು, ನಾನು ಬರೀ ಏಡಿ. ಪೂರ್ತಿ ಹೆಸರು ಹಿಡಿದು ಹುಡುಕಿಕೊಂಡು ಬರುವವರು ಸರ್ಕಾರದವರು ಮಾತ್ರ. ಬಲೆಸೂಜಿಯನ್ನು ಲಂಗದಡಿ ತಳ್ಳಿ, "ಅಯ್ಯೋ, ಆಯಮ್ಮ ತೀರಿಹೋಗಿ ಬಹಳ ದಿನ ಆಯ್ತಲ್ಲ ತಾಯಿ" ಅಂದುಬಿಟ್ಟೆ. ಉಳಿದವರೆಲ್ಲ ಕೋಲೆಬಸವನ ಹಾಗೆ ತಲೆಯಾಡಿಸಿದರು. ಒಬ್ದೂಲಿಯಾ ಅಷ್ಟಕ್ಕೇ ಬಿಡುತ್ತಾಳೆಯೇ? "ಪಾಪ, ಬಾಯಿ ಜೋರು, ಆದ್ರೆ ಒಳ್ಳೆ ಹೆಂಗ್ಸು" ಅಂತ ಸೇರಿಸಿದಳು.

ಹುಡುಗಿ ಬಲೆಯ ರಾಶಿಯ ಮೇಲೆ ಕುಸಿದು ಕೂತು ಅಳತೊಡಗಿದಳು. "ಮಣ್ಣು ಮಾಡಿರೋ ಜಾಗ ಆದ್ರೂ ತೋರ್ಸಿ, ಒಂದು ಹೂವಿಟ್ಟು ಹೋಗ್ತೀನಿ. ಅಮ್ಮಂಗೆ ಏನಂತ ಹೇಳ್ಲಿ?" ಅಂದಳು. ಸರ್ಕಾರದವರು ಯಾರೂ ನನಗಾಗಿ ಅತ್ತದ್ದಿಲ್ಲ. "ಯಾರ ಮಗಳೇ ನೀನು?" ಅಂದೆ. "ಸಬೇಲಾ ಮಗಳು" ಅಂದಳು. ಒಬ್ದೂಲಿಯಾ ಪಕ್ಕೆಗೆ ತಿವಿದು, "ಏಳೇ ಏಡಿ, ಮೊಮ್ಮಗಳಿಗೆ ನಿನ್ನ ಗೋರಿ ತೋರ್ಸು ಹೋಗು!" ಅಂದಳು. ಧಕ್ಕೆಗೆ ಧಕ್ಕೆಯೇ ನಕ್ಕಿತು. ನಾವಿಬ್ಬರು ಮಾತ್ರ ತಬ್ಬಿಕೊಂಡು ಅತ್ತೆವು.

ನಮ್ಮ ಅಡ್ಡಹೆಸರನ್ನು ಅವಳಿಗೆ ಹೇಳಲು ನಿನಗೇನಾಗಿತ್ತೇ? ಚಿಕ್ಕಂದಿನಲ್ಲೂ ನಿನ್ನನ್ನು ಯಾರಾದರೂ ‘ಮರಿಏಡಿ’ ಅಂದರೆ ಕಲ್ಲೆತ್ತಿಕೊಂಡು ಅಟ್ಟಿಸಿಕೊಂಡು ಹೋಗುತ್ತಿದ್ದೆ. ನಿನ್ನ ಮಗಳು ಎರಡೇ ದಿನಕ್ಕೆ ಮರಿಏಡಿ ಆಗಿದ್ದಾಳೆ, ಕರೆದರೆ ಓಗೊಡುತ್ತಾಳೆ. ಅಮ್ಮನಿಗೆ ಫೋನ್ ಮಾಡೋಣ ಅಂತ ನನ್ನ ಪ್ರಾಣ ತಿನ್ನುತ್ತಾಳೆ. ನಾನೇ ಬೇಡ ಅಂದೆ. ನಿನ್ನ ಅಪ್ಪನ ಮಣ್ಣಿಗೆ ನೀನು ಬರಲಿಲ್ಲ ಅಂತ ಅವತ್ತು ಫೋನಿನಲ್ಲಿ ಬಾಯಿಗೆ ಬಂದದ್ದು ಕಿರುಚಿದೆ, ನೀನು ಇಟ್ಟುಬಿಟ್ಟೆ. ಕಾಗದದ ಮೇಲೆ ಕಿರುಚಲು ನನಗೆ ಬರುವುದಿಲ್ಲ.

ನಿನ್ನ ಗಂಡನನ್ನು ಕೇಳಿದೆನೆಂದು ಹೇಳು. ದೇವರು ನಿಮ್ಮಿಬ್ಬರನ್ನೂ ಬೆಚ್ಚಗಿಟ್ಟಿರಲಿ.

ನಿನ್ನ ಅಮ್ಮ,
ಹೆರ್ಮಿನಿಯಾ

ಇನ್ನೊಂದು ಮಾತು. ಅಂಚೆಯವನು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಉಶಿಯಾ ಎದ್ದು ಇದನ್ನೆಲ್ಲ ಓದಿದಳು. ನಾನು ಸತ್ತ ಸುದ್ದಿ ನಿಜವಾಗಿದ್ದರೆ ನೀನು ಮಾರನೆಯ ದಿನವೇ ವಿಮಾನ ಹತ್ತುತ್ತಿದ್ದೆಯಂತೆ. ಅವತ್ತು ಫೋನಿನಲ್ಲಿ ನಾನು ಅಂದದ್ದು ತಪ್ಪು ಮಗಳೇ. ಆ ವಿಮಾನವನ್ನು ಈಗಲೇ ಹತ್ತು. ಆಗ ಬಂದರೆ ಬಾಗಿಲು ತೆಗೆಯಲು ನಾನಿರುವುದಿಲ್ಲ.