ಕೂಗದ ಸೈರನ್

ಹೆಗ್ಗದ್ದೆ, ಸೋಮವಾರ

ಅಸೆಂಬ್ಲರ್ ಉಸ್ತುವಾರಿ ಸುರೇಂದ್ರ ಅವರಿಗೆ,

“ತಪ್ಪು ನಿಮ್ಮ ಕರ್ನಲ್‌ನದೇ” ಎಂದು, ಸೈರನ್ ಯಂತ್ರವನ್ನು ನಡೆಸುವ ನನ್ನ ಮೂಲ ತಂತ್ರಾಂಶವನ್ನೇ ದೂರುವ ನಿಮ್ಮ ಒಂದು ಸಾಲಿನ ಉತ್ತರ ತಲುಪಿತು. ನಾವು ಬರೆಯುವ ಆದೇಶದಲ್ಲಿ ದತ್ತಾಂಶದ ಅಳತೆ ಹೇಳದಿದ್ದರೆ, ಅದನ್ನು ಯಂತ್ರಭಾಷೆಗೆ ತಿರುಗಿಸುವಾಗ ನಿಮ್ಮ ಅಸೆಂಬ್ಲರ್ ಹದಿನೈದು ವರ್ಷ ನಾಲ್ಕು ಬೈಟ್ ಎಂದೇ ಹಿಡಿಯಿತು. ಹೊಸ ಆವೃತ್ತಿ ಎರಡೆಂದು ಹಿಡಿಯಿತು, ಒಂದು ಎಚ್ಚರಿಕೆಯನ್ನೂ ಕೊಡದೆ. ಅದರಿಂದ ಕಟ್ಟಿದ ಕರ್ನಲ್ ಹಾಕಿದ ದಿನವೇ ಆನೆ ಬಂದರೆ ಕೂಗಿ ಎಚ್ಚರಿಸುವ ನಮ್ಮೂರಿನ ಸೈರನ್ ಕೆಟ್ಟು ನಿಂತಿತು.

ಕಾಫಿ ಕೊಯ್ಯುವ ಚಿನ್ನಮ್ಮ ಆನೆಗೆ ಸಿಕ್ಕಿ, ಕಾಲು ಮುರಿದು ಆಸ್ಪತ್ರೆಯಲ್ಲಿದ್ದಾರೆ. “ಸೈರನ್ ಕೂಗ್ಲಿಲ್ಲ ಕಣವ್ವ, ಆನೆ ಇಲ್ಲ ಅಂದ್ಕೊಂಡು ತೋಟಕ್ಕೆ ಹೋಗ್ಬುಟ್ಟೆ,” ಎಂದರು. ಆ ಕರ್ನಲ್ ನನ್ನದೆಂದು ಅವರಿಗೆ ಇನ್ನೂ ಹೇಳಿಲ್ಲ.

ನನ್ನ ಕಡೆಯದನ್ನು ತಿದ್ದಿದ್ದೇನೆ. ಮುಂದಿನ ಆವೃತ್ತಿಯಲ್ಲಿ ನೀವು ಒಂದು ಸಾಲಿನ ಎಚ್ಚರಿಕೆ ಸೇರಿಸಿ. ನಿಮ್ಮ ಅಸೆಂಬ್ಲರ್ ಸುಮ್ಮನಿದ್ದರೆ ಅಪಾಯವಿಲ್ಲವೆಂದು ನಾನೂ ಚಿನ್ನಮ್ಮನ ಹಾಗೆಯೇ ನಂಬಿದ್ದೆ.

ಇನ್ನು ನಂಬದ,
ಶೀಲಾ