ಜಂಬಯ್ಯನ ಹೆಸರಿನಲ್ಲಿ ಒಂದು ಮುಳುಗು

ಟಿ.ಬಿ. ಡ್ಯಾಂ
೧೮-೧೨-೨೦೦೮

ನನ್ನ ತಮ್ಮನ ಮನೆ ಬೆಳಗುವ ತಾಯಕ್ಕನಿಗೆ ಭಾವ ಜಡೆಪ್ಪನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿನ್ನ ಮಂಡಿ ಹೇಗಿದೆ? ಇನ್ನೂ ಬಗ್ಗದಿದ್ದರೆ ಹೇಳು, ಬಳ್ಳಾರಿ ಮಂಡಿಯಲ್ಲಿ ಹಾಕಿ ಹೊಸದು ತರೋಣ. ಉತ್ತರ ತಡವಾಯಿತೆಂದು ಬೈಯಬೇಡ. ನಲವತ್ತು ವರ್ಷ ಕಾಲುವೆಗೆ ನೀರು ಬಿಟ್ಟವನು ನಾನು. ಈಗ ಹಲ್ಲು ನನ್ನನ್ನು ಬಿಟ್ಟಿವೆ, ನಾಲ್ಕು ದಿನದಿಂದ ನಿದ್ದೆಯೂ ಬಿಟ್ಟಿದೆ.

ನೀನು ಹೇಳಿದಂತೆ ಪುಷ್ಕರಕ್ಕೆ ಹಂಪಿಗೆ ಹೋಗಿದ್ದೆ. ಹನ್ನೆರಡು ವರ್ಷಕ್ಕೊಮ್ಮೆ ಬರುವ ಹೊಳೆಸ್ನಾನದ ಪುಷ್ಕರ, ಹಂಪಿ ಬಜಾರಿನಿಂದ ಹೊಳೆಯವರೆಗೂ ಜನ. ಸಂಡೂರಿನ ಅದಿರು ಲಾರಿಯವರೂ ಬಂದಿದ್ದರು. ಅವರು ಮುಳುಗಿದಲ್ಲೆಲ್ಲ ನೀರು ಕೆಂಪು.

"ಪಾಪ ತೊಳ್ಯಾಕ ಬಂದೀರೋ, ಗಣಿ ತೊಳ್ಯಾಕ ಬಂದೀರೋ?" ಎಂದು ಕಿಚಾಯಿಸಿದೆ.

"ಎರಡೂ ಒಂದ ಬಣ್ಣ ಐತಿ ಬಿಡು, ಯಜ್ಜಾ" ಅಂದ ಒಬ್ಬ.

ಒಬ್ಬೊಬ್ಬರ ಮುಖವನ್ನೂ ನೋಡಿದೆ. ಹೋದ ತಿಂಗಳು ನಿನಗೆ ಬಂದ ನಾಲ್ಕನೆಯ ಕಾಗದದಲ್ಲಿ "ಪುಷ್ಕರಕ್ಕೆ ಹಂಪಿ ಹೊಳೆಗೆ ಬರುತ್ತೇನೆ" ಎಂದಿತ್ತಲ್ಲ! ಲಾರಿ ಕೆಲಸಕ್ಕೆಂದು ಸಂಡೂರಿಗೆ ಹೋಗಿ ಆರು ವರ್ಷವಾದ ನಿನ್ನ ಗಂಡ ಜಂಬಯ್ಯ ಅಲ್ಲೆಲ್ಲೂ ಕಾಣಲಿಲ್ಲ.

ಕೊನೆಗೆ ಜನ ಕಡಿಮೆಯಿದ್ದ ಕಡೆ ಅವನ ಹೆಸರಿನಲ್ಲಿ ಮುಳುಗು ಹಾಕಲು ಹೋದೆ. ಪುರೋಹಿತರು ಕೇಳಿದರು: "ತಮ್ಮ ಇದ್ದಾರೋ, ಹೋಗ್ಯಾರೋ? ಇದ್ರ ಹೆಸರು ಹೇಳಿ ಮುಳುಗ್ರಿ, ಹೋಗಿದ್ರ ಎಳ್ಳು ಹಿಡೀರಿ."

ಅವರ ತಟ್ಟೆಯಲ್ಲಿನ ಎಳ್ಳು ನೋಡಿದೆ. ನಿನ್ನ ಹಣೆಯ ಕುಂಕುಮ ನೆನಪಾಯಿತು. "ಇದ್ದಾನ್ರಿ" ಅಂದುಬಿಟ್ಟೆ.

"ಜಂಬಯ್ಯಾ" ಎಂದು ಕರೆದು ಕುಕ್ಕರಿಸಿ ಮುಳುಗಿದೆ. ನೀರೊಳಗೆ ಯಾರೋ ನನ್ನ ಎಡಗಾಲು ಹಿಡಿದು ಎರಡು ಸಲ ಎಳೆದು ಹಿಮ್ಮಡಿ ಚಿವುಟಿದರು.

ತಾಯಕ್ಕ, ಇದು ನಿನಗೆ ಗೊತ್ತಿಲ್ಲ. ಚಿಕ್ಕವರಿದ್ದಾಗ ಎಮ್ಮಿಗನೂರಿನ ಕಾಲುವೆಯಲ್ಲಿ ನಾನೇ ಅವನಿಗೆ ಕಲಿಸಿದ ಕಿತಾಪತಿ ಅದು. ಎರಡು ಎಳೆತ, ಒಂದು ಚಿವುಟು.

ನಗುತ್ತಲೇ ಎದ್ದೆ. "ಸಾಕು, ಮ್ಯಾಲ ಬಾರಲೇ ಜಂಬ್ಯಾ!"

"ಯಾರ ಜೋಡಿ ಮಾತಾಡ್ತೀರಿ, ಯಜಮಾನ್ರ?" ಅಂದರು ದಡದ ಮೇಲಿದ್ದ ಪುರೋಹಿತರು. ನೀರಿನಲ್ಲಿ ಸುತ್ತ ಹತ್ತು ಮಾರು ಯಾರೂ ಇರಲಿಲ್ಲ. ಅಡಗಿಕೊಳ್ಳೋಣವೆಂದರೆ ನೀರು ಮೊಣಕಾಲುದ್ದ.

ಕಾಲಿನ ಮೇಲೆ ಬೆರಳಿನ ಐದು ಕೆಂಪು ಗುರುತುಗಳಿವೆ, ಅದಿರಿನ ಧೂಳಿನ ಬಣ್ಣ. ನಿಮ್ಮಕ್ಕ ಊರಮ್ಮ ಸೀಗೆಪುಡಿ ಹಾಕಿ ತಿಕ್ಕಿದಳು. "ಎಂಥಾ ಮಣ್ಣು ತುಳಿದು ಬಂದ್ರಿ, ಹೋಗವಲ್ದು!" ಅಂತ ಗೊಣಗಿದಳು. ಇವತ್ತಿಗೂ ಹೋಗಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ವಿರೂಪಾಕ್ಷ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಭಾವ
ಜಡೆಪ್ಪ

ತಾ.ಕ.: ಬರೆಯಬೇಕಾದ್ದನ್ನು ಬರೆಯದೆ ಮಡಚುತ್ತಿದ್ದೆ. ಆರು ವರ್ಷದ ಹಿಂದೆ ನೀನು ಅನ್ನ ಬಿಟ್ಟು ಮಲಗಿದ್ದೆ. ಆಗ ಜಂಬಯ್ಯನ ಹೆಸರಿನಲ್ಲಿ ಬಂದ ಮೂರು ಕಾಗದಗಳನ್ನು ನಾನೇ ಎಡಗೈಯಲ್ಲಿ ಬರೆದು, ಬಸ್ಸು ಹತ್ತಿ ಹೋಗಿ ಸಂಡೂರಿನಲ್ಲಿ ಡಬ್ಬಿಗೆ ಹಾಕಿದ್ದೆ. ಅಕ್ಷರ ಬಾರದ ಅವನು ಯಾರ ಕೈಲೋ ಬರೆಸಿದ್ದಾನೆಂದು ನೀನು ನಂಬಿದೆ, ಉಂಡೆ. ಪೊಲೀಸರಿಗೆ ಹೇಳೋಣವೆಂದವರಿಗೆಲ್ಲ ನೀನು ಆ ಕಾಗದಗಳನ್ನೇ ತೋರಿಸಿದೆ. ಹಾಗಾಗಿ ಅವನನ್ನು ಯಾರೂ ಹುಡುಕಲಿಲ್ಲ. ನನ್ನನ್ನು ಕ್ಷಮಿಸಬೇಡ. ಪುಷ್ಕರ ಇನ್ನು ಮೂರು ದಿನವಿದೆ, ಎತ್ತಿನ ಬಂಡಿಯಲ್ಲಾದರೂ ಬಂದು ಅವನನ್ನು ನೀನೇ ಕರೆ.

ನೀನು ನನಗೆ ನೋಡಲು ಕಳಿಸಿದ ಆ ನಾಲ್ಕನೆಯ ಕಾಗದ ನನ್ನ ಮುಂದೆಯೇ ಇದೆ. ನನ್ನ ಎಡಗೈ ಅಕ್ಷರ, ನನ್ನದೇ ಸೊಟ್ಟ ಸಾಲು. ಅದನ್ನು ನಾನು ಬರೆದಿಲ್ಲ.